ಸೆಂಚುರಿ ಮಾದರಿಯಲ್ಲಿ ಕಾಡ್ಗಿಚ್ಚು, ಕಡಿತ, ಸೊಪ್ಪು: ಲೆಕ್ಕ ತಪ್ಪಿದಾಗ ಎಲ್ಲಿ ಹುಡುಕಬೇಕು

ಮಾರ್ಚ್‌ನಲ್ಲಿ ಬೆಂಕಿ ಬಿದ್ದ ಕಾಡು ಗ್ರಾಫಿನಲ್ಲಿ ಐವತ್ತು ವರ್ಷವಾದರೂ ಚಿಗುರುವುದಿಲ್ಲ. ಇಲ್ಲವೇ ಬೆಂಕಿ ಬಿದ್ದದ್ದೇ ಗೊತ್ತಾಗದಂತೆ ಗೆರೆ ನೆಟ್ಟಗೆ ಹೋಗುತ್ತದೆ. ಇಲ್ಲವೇ ಸುಟ್ಟಷ್ಟೂ ಕಾಡು ಸೊಂಪಾಗುತ್ತದೆ. ಮಲೆನಾಡಿನ ತಾಣಗಳಿಗೆ ಸೆಂಚುರಿ ಮಾದರಿ (ಗಿಡ, ಮಣ್ಣಿನ ಇಂಗಾಲ ಮತ್ತು ಪೋಷಕಾಂಶಗಳ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ) ಓಡಿಸುವವರು ಮತ್ತೆ ಮತ್ತೆ ಎದುರಿಸುವ ತೊಂದರೆಗಳು ಈ ಮೂರೇ. ಹೀಗಾದಾಗ ಎಲ್ಲರ ಕೈ ಮೊದಲು ಹೋಗುವುದು ಮರ ತೆಗೆಯುವ ಅಂಕಿಗಳಿರುವ ಟ್ರೆಮ್.100 ಫೈಲಿಗೆ. ಅಲ್ಲಿ ನಾಲ್ಕು ಅಂಕಿ ತಿದ್ದಿ ಗ್ರಾಫನ್ನು 'ಸರಿ' ಮಾಡಿಬಿಡಬಹುದು. ಆದರೆ ತಪ್ಪು ಹವಾಮಾನ ಫೈಲಿನಲ್ಲೋ ವೇಳಾಪಟ್ಟಿಯಲ್ಲೋ ಇದ್ದರೆ, ಆ ತಿದ್ದುಪಡಿ ಒಂದು ತಪ್ಪಿನ ಮೇಲೆ ಇನ್ನೊಂದನ್ನು ಹೇರಿದಂತೆ. ಆದ್ದರಿಂದ ಹುಡುಕಾಟಕ್ಕೆ ಒಂದು ಕ್ರಮ ಇರಲಿ. ಬೆಂಕಿಯ ಅಂಕಿಗಳನ್ನು ಮುಟ್ಟುವುದು ಕೊನೆಗೆ.

ಕೆಳಗಿನ ವಿವರವೆಲ್ಲ ತಿಂಗಳ ಹೆಜ್ಜೆಯ ನಾಲ್ಕನೇ ಆವೃತ್ತಿಗೆ ಬರೆದದ್ದು. ಅದರದೇ ದಿನದ ಹೆಜ್ಜೆಯ ರೂಪವಾದ ಡೇಸೆಂಟ್‌ನಲ್ಲಿ ಕೆಲವು ಅಂಕಿಗಳು ಬೇರೆ ಫೈಲಿನಲ್ಲಿರಬಹುದು. ಪ್ರತಿ ಅಂಕಿಯ ಪಕ್ಕದಲ್ಲೇ ಅದರ ಹೆಸರು ಇರುತ್ತದೆ, ಓದಿಕೊಂಡು ಮುಂದುವರಿಯಿರಿ.

ಮೊದಲು ಬೆಂಕಿಯಿಲ್ಲದ ರನ್

ಅದೇ ತಾಣ, ಅದೇ ಮಣ್ಣು, ಅದೇ ಹವಾಮಾನ, ಆದರೆ ಯಾವ ಹಾನಿಯೂ ಇಲ್ಲದ ಒಂದು ರನ್ ಮಾಡಿ. ಇದನ್ನು ಹೋಲಿಕೆ ರನ್ ಎಂದು ಕರೆಯೋಣ. ಸ್ಪಿನ್-ಅಪ್ (ಮಣ್ಣಿನ ಇಂಗಾಲ ನೆಲೆ ಕಾಣುವವರೆಗೆ ಮಾದರಿಯನ್ನು ಮೊದಲೇ ಓಡಿಸುವುದು) ಮುಗಿದ ಮೇಲೆ ಇನ್ನೂ 200 ವರ್ಷ ಓಡಿಸಿ, ಮಣ್ಣಿನ ಒಟ್ಟು ಇಂಗಾಲದ ಗೆರೆ ನೋಡಿ. ಅದು ಸಮತಟ್ಟಾಗಿ ನಿಲ್ಲದೆ ಏರುತ್ತಲೋ ಇಳಿಯುತ್ತಲೋ ಇದ್ದರೆ, ಬೆಂಕಿಯ ಬಗ್ಗೆ ಮಾತಾಡುವ ಸಮಯ ಇನ್ನೂ ಬಂದಿಲ್ಲ.

ಇದಕ್ಕೆ ಕಾರಣ ಮಾದರಿಯ ಒಳಗಟ್ಟಿನಲ್ಲಿದೆ. ಸೆಂಚುರಿ ಮಣ್ಣಿನ ಸಾವಯವ ಇಂಗಾಲವನ್ನು ಮೂರು ಪಾಲಾಗಿ ನೋಡುತ್ತದೆ. ಚುರುಕಿನದು ಕೆಲವೇ ವರ್ಷದಲ್ಲಿ ಕರಗುತ್ತದೆ, ನಿಧಾನದ್ದು ಕೆಲವು ದಶಕ ತೆಗೆದುಕೊಳ್ಳುತ್ತದೆ, ಜಡವಾದದ್ದು ನೂರಾರು ವರ್ಷದಿಂದ ಸಾವಿರ ವರ್ಷ ದಾಟಿಯೂ ಉಳಿಯುತ್ತದೆ. ಜಡ ಪಾಲು ನೆಲೆ ಕಾಣಬೇಕಾದರೆ ಸ್ಪಿನ್-ಅಪ್ ಕೆಲವು ಸಾವಿರ ವರ್ಷ ಓಡಬೇಕು. 500 ವರ್ಷಕ್ಕೆ ನಿಲ್ಲಿಸಿದರೆ ಮೇಲ್ನೋಟಕ್ಕೆ ಎಲ್ಲ ಸ್ಥಿರವಾಗಿ ಕಾಣುತ್ತದೆ, ಏಕೆಂದರೆ ಮರದ ಇಂಗಾಲ ಆ ಹೊತ್ತಿಗೆ ನಿಂತಿರುತ್ತದೆ. ಮಣ್ಣು ಮಾತ್ರ ಒಳಗೊಳಗೇ ಜಾರುತ್ತಿರುತ್ತದೆ, ಆ ಜಾರಿಕೆಯನ್ನು ನೀವು ಬೆಂಕಿಯ ಲೆಕ್ಕಕ್ಕೆ ಬರೆದುಬಿಡುತ್ತೀರಿ.

ಸ್ಪಿನ್-ಅಪ್‌ನಲ್ಲಿ ಇನ್ನೊಂದು ಮೋಸ ಇದೆ. ಶೆಟ್ಟಿಹಳ್ಳಿ, ಭದ್ರಾ ಕಡೆಯ ಎಲೆ ಉದುರುವ ಕಾಡುಗಳಿಗೆ ನೆಲಬೆಂಕಿ ಹೊಸದಲ್ಲ. ಸಾವಿರಾರು ವರ್ಷದ ಸ್ಪಿನ್-ಅಪ್ಪನ್ನು ಒಂದೂ ಬೆಂಕಿಯಿಲ್ಲದೆ ಓಡಿಸಿ, ಕೊನೆಯ ಮೂವತ್ತು ವರ್ಷಕ್ಕೆ ಮಾತ್ರ ಬೆಂಕಿ ಕೊಟ್ಟರೆ ಇಂಗಾಲ ದೊಡ್ಡದಾಗಿ ಕುಸಿಯುತ್ತದೆ. ಆ ಕುಸಿತ ಮಾದರಿಯ ಕಲ್ಪನೆಯ ಕಾಡಿನದು, ನಿಮ್ಮ ಕಾಡಿನದಲ್ಲ. ಇಂಥ ತಾಣಕ್ಕೆ ಸ್ಪಿನ್-ಅಪ್‌ನಲ್ಲೇ ಕೆಲವು ವರ್ಷಕ್ಕೊಮ್ಮೆ ಸಣ್ಣ ನೆಲಬೆಂಕಿ ಇಡಿ. ಆಗುಂಬೆಯ ನಿತ್ಯಹಸಿರು ಕಾಡಿಗೂ ಕಾನಿಗೂ ಅದು ಬೇಡ.

ಎರಡು ರನ್‌ಗೂ ಒಂದೇ ಮಳೆ ಬಿದ್ದಿದೆಯೇ?

ಯಾವ ತಿಂಗಳು ಏನು ನಡೆಯಬೇಕು ಎಂದು ಹೇಳುವ ವೇಳಾಪಟ್ಟಿ ಫೈಲಿನ ಪ್ರತಿ ಬ್ಲಾಕಿನಲ್ಲಿ (ಕೆಲವು ವರ್ಷಗಳ ಒಂದು ಕಂತು) ಹವಾಮಾನಕ್ಕೆ ಒಂದು ಅಕ್ಷರ ಇರುತ್ತದೆ. 'ಎಂ' ಎಂದರೆ ಸರಾಸರಿ ಮಳೆ, 'ಎಸ್' ಎಂದರೆ ಯಾದೃಚ್ಛಿಕ, 'ಎಫ್' ಎಂದರೆ ಹವಾಮಾನ ಫೈಲನ್ನು ಮೊದಲಿನಿಂದ ಓದು, 'ಸಿ' ಎಂದರೆ ಹಿಂದಿನ ಬ್ಲಾಕ್ ಬಿಟ್ಟಲ್ಲಿಂದ ಮುಂದುವರಿಸು. ಬೆಂಕಿಗೆಂದು ಹೊಸ ಬ್ಲಾಕ್ ಸೇರಿಸುವಾಗ ಹಳೆಯ ಬ್ಲಾಕನ್ನು ನಕಲು ಮಾಡುವುದು ರೂಢಿ, ನಕಲಿನಲ್ಲಿ 'ಎಫ್' ಹಾಗೇ ಉಳಿಯುತ್ತದೆ. ಆಗ ಬೆಂಕಿಯ ರನ್ ಫೈಲಿನ ಮೊದಲ ವರ್ಷಕ್ಕೆ ಹಿಂತಿರುಗುತ್ತದೆ, ಹೋಲಿಕೆ ರನ್ ಮುಂದೆ ಸಾಗಿರುತ್ತದೆ. ಒಂದಕ್ಕೆ ಬರಗಾಲದ ವರ್ಷ, ಇನ್ನೊಂದಕ್ಕೆ ಭರ್ಜರಿ ಮುಂಗಾರು. ಎರಡರ ವ್ಯತ್ಯಾಸವನ್ನು ಬೆಂಕಿಯ ಪರಿಣಾಮ ಎಂದು ಓದುವುದು ದೊಡ್ಡ ತಪ್ಪು. ಹೊಸ ಬ್ಲಾಕಿನಲ್ಲಿ 'ಸಿ' ಇರಲಿ. ಹೋಲಿಕೆಗೆ 'ಎಸ್' ಬಳಸಲೇಬೇಡಿ.

ಪರೀಕ್ಷೆ ಸುಲಭ. ಎರಡು ರನ್‌ಗಳಲ್ಲೂ ಬೆಂಕಿಯ ಹಿಂದಿನ ತಿಂಗಳ ಎಲ್ಲ ಅಂಕಿಗಳೂ ಕೊನೆಯ ದಶಮಾಂಶದವರೆಗೆ ಒಂದೇ ಇರಬೇಕು. ಫೆಬ್ರವರಿಯಲ್ಲೇ ವ್ಯತ್ಯಾಸ ಕಂಡರೆ ಮುಂದೆ ಹೋಗಬೇಡಿ.

ಪ್ರತಿ ವರ್ಷ ಸುಡುತ್ತಿರುವ ಕಾಡು

ಕಾಡು ಚೇತರಿಸಿಕೊಳ್ಳದೇ ಇರುವುದಕ್ಕೆ ಅತಿ ಸಾಮಾನ್ಯ ಕಾರಣ ಇದು, ಅತಿ ಸುಲಭವಾಗಿ ಸರಿಹೋಗುವುದೂ ಇದೇ. ಬ್ಲಾಕಿನಲ್ಲಿ 'ಎಷ್ಟು ವರ್ಷಕ್ಕೊಮ್ಮೆ ಪುನರಾವರ್ತನೆ' ಎಂಬ ಅಂಕಿ ಇದೆ. ಘಟನೆಗಳ ವರ್ಷವನ್ನು ಆ ಸುತ್ತಿನೊಳಗೆ ಎಣಿಸಲಾಗುತ್ತದೆ, ಕ್ಯಾಲೆಂಡರ್ ವರ್ಷದಲ್ಲಿ ಅಲ್ಲ. ಪುನರಾವರ್ತನೆ 1 ಎಂದಿದ್ದು, 1ನೇ ವರ್ಷ 3ನೇ ತಿಂಗಳಿಗೆ ಬೆಂಕಿ ಬರೆದರೆ, ಬ್ಲಾಕ್ ಮುಗಿಯುವವರೆಗೂ ಪ್ರತಿ ಮಾರ್ಚ್‌ನಲ್ಲಿ ಕಾಡು ಉರಿಯುತ್ತದೆ. ಒಂದೇ ಬೆಂಕಿ ಬೇಕಿದ್ದರೆ ಅದಕ್ಕೆ ಒಂದು ವರ್ಷದ ಪ್ರತ್ಯೇಕ ಬ್ಲಾಕ್ ಮಾಡಿ, ಅದರ ನಂತರ ಬೆಂಕಿಯಿಲ್ಲದ ಬ್ಲಾಕ್ ಇಡಿ.

ಇಲ್ಲೇ ಔಟ್‌ಪುಟ್ ಅಂತರವನ್ನೂ ನೋಡಿಬಿಡಿ. ವರ್ಷಕ್ಕೊಮ್ಮೆ ಬರೆಯಿಸಿದರೆ ಮಾರ್ಚ್‌ನ ತರಗೆಲೆ ಕುಸಿತ ಡಿಸೆಂಬರ್ ಹೊತ್ತಿಗೆ ತುಂಬಿಹೋಗಿ, ಬೆಂಕಿ ಬಿದ್ದೇ ಇಲ್ಲವೇನೋ ಎನ್ನಿಸುತ್ತದೆ. ದೋಷ ಹುಡುಕುವಾಗ ತಿಂಗಳ ಔಟ್‌ಪುಟ್, ಅಂದರೆ 0.083, ಕಡ್ಡಾಯ. ರನ್ ಆದ ಮೇಲೆ ಲಿಸ್ಟ್100 (ಔಟ್‌ಪುಟ್ಟನ್ನು ಪಟ್ಟಿಯಾಗಿ ತೆಗೆಯುವ ಪ್ರೋಗ್ರಾಂ) ಮತ್ತೆ ಓಡಿಸದೆ ಹಳೆಯ ಪಟ್ಟಿಯನ್ನೇ ನೋಡುತ್ತ ಕೂತರೆ ಯಾವ ತಿದ್ದುಪಡಿಯೂ ಕೆಲಸ ಮಾಡಿದಂತೆ ಕಾಣುವುದಿಲ್ಲ. ಫೈಲಿನ ಸಮಯ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಬೆಂಕಿ ಬಿತ್ತು, ದರಗು ಸುಡಲಿಲ್ಲ

ಮಲೆನಾಡಿನ ಬೆಂಕಿ ಬಹುಪಾಲು ನೆಲಬೆಂಕಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಒಣಗಿ ಬಿದ್ದ ದರಗು (ತರಗೆಲೆ), ಹುಲ್ಲು, ಲಂಟಾನದ ಕಡ್ಡಿ ಉರಿಯುತ್ತವೆ. ಮತ್ತಿ, ಹೊನ್ನೆ, ನಂದಿಯಂಥ ದೊಡ್ಡ ಮರದ ಬುಡ ಕಪ್ಪಾದೀತು, ಮರ ನಿಂತಿರುತ್ತದೆ. ಹಾಗಾಗಿ ಇಲ್ಲಿನ ಬೆಂಕಿಯ ಲೆಕ್ಕದಲ್ಲಿ ತರಗೆಲೆಯದೇ ದೊಡ್ಡ ಪಾಲು. ಮಾದರಿ ಎಡವುವುದೂ ಅಲ್ಲೇ.

ಸೆಂಚುರಿಯಲ್ಲಿ ಬೆಂಕಿಗೆ ಎರಡು ಘಟನೆಗಳಿವೆ. 'ಟ್ರೆಮ್' ಮರವನ್ನು ನೋಡಿಕೊಳ್ಳುತ್ತದೆ: ಹಸಿ ಎಲೆ, ಸಣ್ಣ ಕೊಂಬೆ, ದೊಡ್ಡ ಕಟ್ಟಿಗೆ, ಒಣ ಕೊಂಬೆ, ಬಿದ್ದ ದಿಮ್ಮಿ, ಬೇರು. ನೆಲದ ತರಗೆಲೆಯ ಅಂಕಿ ಇರುವುದು ಫೈರ್.100ರಲ್ಲಿ, ಅದಕ್ಕೆ 'ಫೈರ್' ಘಟನೆ ಬೇಕು. ಟ್ರೆಮ್ ಸಂಕೇತದಲ್ಲಿ (ಫೈಲಿನೊಳಗೆ ಒಂದು ಹೆಸರಿನಡಿ ಇಟ್ಟ ಅಂಕಿಗಳ ಗುಂಪು) ಘಟನೆಯ ಬಗೆಯನ್ನು 1 (ಬೆಂಕಿ) ಎಂದು ಬರೆದ ಮಾತ್ರಕ್ಕೆ ದರಗು ಉರಿಯುವುದಿಲ್ಲ. ಬರೀ ಫೈರ್ ಬರೆದರೆ ಮರಕ್ಕೆ ಏನೂ ಆಗುವುದಿಲ್ಲ. ಎರಡನ್ನೂ ಒಂದೇ ವರ್ಷದ ಒಂದೇ ತಿಂಗಳಿಗೆ ಬರೆಯಬೇಕು.

ಸುಟ್ಟಿತೋ ಇಲ್ಲವೋ ಎಂದು ಕಾಗದದ ಮೇಲೆ ಲೆಕ್ಕ ಹಾಕಿಯೇ ತಿಳಿಯಬೇಕು. ಉದಾಹರಣೆಗೆ ಎಲೆ ಉದುರುವ ಕಾಡಿನ ಒಂದು ತಾಣ ಎಂದುಕೊಳ್ಳಿ, ಅಂಕಿಗಳು ಲೆಕ್ಕ ತೋರಿಸಲು ಇಟ್ಟವು. ಹೋಲಿಕೆ ರನ್‌ನಲ್ಲಿ ಮಾರ್ಚ್ ತಿಂಗಳ ಇಂಗಾಲ, ಚದರ ಮೀಟರಿಗೆ ಗ್ರಾಂನಲ್ಲಿ: ಹಸಿ ಎಲೆ 40, ಸಣ್ಣ ಕೊಂಬೆ 600, ದೊಡ್ಡ ಕಟ್ಟಿಗೆ 7,000, ಒಣ ಕೊಂಬೆ 150, ಬಿದ್ದ ದಿಮ್ಮಿ 500, ನೆಲದ ತರಗೆಲೆ 300. ತೆಗೆಯುವ ಪಾಲು ಕ್ರಮವಾಗಿ 0.2, 0.02, 0, 0.5, 0.2. ಫೈರ್.100ರಲ್ಲಿ ತರಗೆಲೆಗೆ 0.8.

ಹಾಗಾದರೆ ಹೋಗಬೇಕಾದದ್ದು ಎಲೆಯಲ್ಲಿ 8, ಸಣ್ಣ ಕೊಂಬೆಯಲ್ಲಿ 12, ಒಣ ಕೊಂಬೆಯಲ್ಲಿ 75, ದಿಮ್ಮಿಯಲ್ಲಿ 100, ತರಗೆಲೆಯಲ್ಲಿ 240. ಒಟ್ಟು 435 ಗ್ರಾಂ. ಈಗ ಔಟ್‌ಪುಟ್‌ನಲ್ಲಿ ಹೋಲಿಕೆ ರನ್‌ನ ಮಾರ್ಚ್‌ನಿಂದ ಬೆಂಕಿ ರನ್‌ನ ಮಾರ್ಚ್ ಕಳೆಯಿರಿ. ಫೆಬ್ರವರಿಯಿಂದ ಮಾರ್ಚ್ ಕಳೆಯುವುದು ತಪ್ಪು, ಆ ತಿಂಗಳ ಎಲೆ ಉದುರುವಿಕೆ, ಕೊಳೆಯುವಿಕೆ ಎಲ್ಲ ಅದರಲ್ಲಿ ಸೇರಿಬಿಡುತ್ತವೆ. ವ್ಯತ್ಯಾಸ 435ರ ಆಸುಪಾಸು ಬಂದರೆ ಬೆಂಕಿ ಸರಿಯಾಗಿ ಬಿದ್ದಿದೆ. ಕೆಲವು ಗ್ರಾಂ ಆಚೀಚೆ ಆಗುವುದು ಸಹಜ, ಸುಟ್ಟ ಮೇಲೆ ಕೊಳೆಯಲು ಉಳಿದದ್ದೂ ಬದಲಾಗಿರುತ್ತದೆ. 195 ಬಂದರೆ 240 ಕಾಣೆಯಾಗಿದೆ ಎಂದರ್ಥ, ಅಂದರೆ ದರಗು ಹಾಗೇ ಬಿದ್ದಿದೆ, ಫೈರ್ ಸಾಲು ಬಿಟ್ಟುಹೋಗಿದೆ ಅಥವಾ ಬೇರೆ ತಿಂಗಳಿಗೆ ಬಿದ್ದಿದೆ. 240 ಮಾತ್ರ ಬಂದರೆ ಟ್ರೆಮ್ ಓಡಿಲ್ಲ ಎಂದುಕೊಳ್ಳಬೇಡಿ. ಅರಣ್ಯ ತಾಣದಲ್ಲಿ ತರಗೆಲೆ ಸುಡುವುದೇ ಟ್ರೆಮ್ ಬೆಂಕಿಯ ಜೊತೆಗೆ, ಹಾಗಾಗಿ ತೆಗೆಯುವ ಪಾಲುಗಳೆಲ್ಲ 0 ಇರುವ ಸಂಕೇತವನ್ನು ಕರೆದಿದ್ದೀರೇ ನೋಡಿ. ತಾಣ ಹುಲ್ಲು ಮತ್ತು ಮರ ಎರಡೂ ಇರುವ ಸವಾನ್ನಾ ಬಗೆಯದಾಗಿದ್ದರೆ ಮಾತ್ರ ಟ್ರೆಮ್ ಸಾಲೇ ಬಿಟ್ಟುಹೋಗಿರಬಹುದು.

ಒಂದೊಂದು ಭಂಡಾರಕ್ಕೂ (ಎಲೆ, ಕೊಂಬೆ, ದಿಮ್ಮಿ, ತರಗೆಲೆ) ಹೀಗೆ ಪ್ರತ್ಯೇಕವಾಗಿ ಲೆಕ್ಕ ಹಾಕಿ. ಒಟ್ಟು ಮೊತ್ತ ಒಂದನ್ನೇ ನೋಡಿದರೆ ಎರಡು ತಪ್ಪು ಪರಸ್ಪರ ಹೊಂದಿ ಅಡಗಿಬಿಡುತ್ತವೆ.

ತೆಗೆಯುವ ಪಾಲು ಎಷ್ಟಿರಬೇಕು

ಮಾದರಿಯ ಜೊತೆಗೆ ಬರುವ ಬೆಂಕಿ ಸಂಕೇತಗಳನ್ನು ಹಾಗೇ ಎತ್ತಿಕೊಳ್ಳಬೇಡಿ. ಸೆಂಚುರಿ ಹುಟ್ಟಿದ್ದು ಅಮೆರಿಕದ ಕೊಲೊರಾಡೊ ರಾಜ್ಯ ವಿಶ್ವವಿದ್ಯಾಲಯದಲ್ಲಿ, ವಿಲಿಯಂ ಪಾರ್ಟನ್ ಮತ್ತು ಸಂಗಡಿಗರು 1987ರಲ್ಲಿ ಅದನ್ನು ಪ್ರಕಟಿಸಿದ್ದು ಅಲ್ಲಿನ ಬಯಲು ಹುಲ್ಲುಗಾವಲಿನ ಮಣ್ಣಿಗಾಗಿ. ಕಾಡಿನ ಭಾಗ ಆಮೇಲೆ ಸೇರಿದ್ದು. ತುದಿಯವರೆಗೂ ಧಗಧಗಿಸುವ ಸೂಚಿಪರ್ಣಿ ಕಾಡಿನ ಬೆಂಕಿಗೆ ಇಟ್ಟ ಪಾಲನ್ನು ಭದ್ರಾ ಕಣಿವೆಯ ನೆಲಬೆಂಕಿಗೆ ಇಟ್ಟರೆ ಒಂದೇ ಮಾರ್ಚ್‌ನಲ್ಲಿ ಕಾಡು ಬೋಳಾಗುತ್ತದೆ. ಇಲ್ಲಿನ ಎಲೆ ಉದುರುವ ಕಾಡಿಗೆ ದೊಡ್ಡ ಕಟ್ಟಿಗೆಯ ಪಾಲು 0 ಅಥವಾ ಅದರ ಹತ್ತಿರ ಇರಬೇಕು. ಬೇರು ಸಾಯುವ ಪಾಲೂ ಅಷ್ಟೇ. ಅಕೇಶಿಯ ನೆಡುತೋಪು ಬೇರೆ ಮಾತು, ಅಲ್ಲಿ ದಪ್ಪಗೆ ಬಿದ್ದ ಎಲೆ ಜೋರಾಗಿ ಉರಿದು ಎಳೆ ಮರ ಸಾಯುತ್ತವೆ. ಅದಕ್ಕೆ ಪ್ರತ್ಯೇಕ ಸಂಕೇತ ಬರೆಯಿರಿ.

ಮಾರ್ಚ್‌ನಲ್ಲಿ ಹಸಿ ಎಲೆ 40ರ ಬದಲು 300 ತೋರಿಸಿದರೆ ದೋಷ ಟ್ರೀ.100ರಲ್ಲಿದೆ. ಅಲ್ಲಿನ 'ಡೆಸಿಡ್' ಅಂಕಿ 0 ಇದ್ದರೆ ನಿತ್ಯಹಸಿರು, 1 ಇದ್ದರೆ ಚಳಿಗೆ ಉದುರುವ ಕಾಡು, 2 ಇದ್ದರೆ ಬರಗಾಲಕ್ಕೆ ಉದುರುವ ಕಾಡು. ತೇಗ, ಮತ್ತಿ ಎಲೆ ಬಿಡುವುದು ಚಳಿಗಲ್ಲ, ನೀರಿಲ್ಲದ್ದಕ್ಕೆ. ಆದ್ದರಿಂದ ಇಲ್ಲಿಗೆ 2. ತಪ್ಪಾಗಿ 0 ಅಥವಾ 1 ಇದ್ದರೆ ಎಲೆ ನೆಲದಲ್ಲಿರಬೇಕಾದ ಹೊತ್ತಿಗೆ ಮರದ ಮೇಲಿರುತ್ತದೆ, ಬೆಂಕಿಗೆ ಸುಡಲು ದರಗೇ ಸಿಗುವುದಿಲ್ಲ.

ಚಿಗುರದ ಕಾಡು

ಪುನರಾವರ್ತನೆ ಸರಿಯಿದೆ, ಬೆಂಕಿ ಒಂದೇ ಸಲ ಬಿದ್ದಿದೆ, ಆದರೂ ಕಾಡು ಏಳುತ್ತಿಲ್ಲ. ಈಗ ಮಳೆಯ ಫೈಲು ತೆರೆಯಿರಿ. ಸೆಂಚುರಿಗೆ ಮಳೆ ಸೆಂಟಿಮೀಟರಿನಲ್ಲಿ ಬೇಕು. ನಮ್ಮಲ್ಲಿ ಸಿಗುವ ಎಲ್ಲ ದಾಖಲೆಯೂ ಮಿಲಿಮೀಟರಿನಲ್ಲಿ. ಹಾಗೇ ತುಂಬಿದರೆ ಹತ್ತು ಪಟ್ಟು ಮಳೆ ಸುರಿಯುತ್ತದೆ, ನೀರಿನ ಜೊತೆ ನೈಟ್ರೇಟ್ ಕೊಚ್ಚಿಹೋಗುತ್ತದೆ, ಮರಕ್ಕೆ ಸಾರಜನಕ ಸಿಗದೆ ಬೆಳವಣಿಗೆ ನಿಲ್ಲುತ್ತದೆ. ಬಯಲುಸೀಮೆಯಲ್ಲಾದರೆ ಅಂಕಿ ನೋಡಿದ ಕೂಡಲೇ ತಪ್ಪು ಗೊತ್ತಾಗುತ್ತದೆ. ಮಲೆನಾಡಿನಲ್ಲಿ ದೊಡ್ಡ ಅಂಕಿ ಕಂಡರೂ 'ಇಲ್ಲಿ ಮಳೆ ಹೆಚ್ಚು ತಾನೇ' ಎಂದು ದಾಟಿಬಿಡುತ್ತೇವೆ. ಫೈಲಿನ ಕಾಲಂಗಳಿಗೆ ನಿಗದಿತ ಅಗಲ ಇರುವುದರಿಂದ ಆರಿದ್ರಾ, ಪುನರ್ವಸು, ಪುಷ್ಯ ಮಳೆಯ ತಿಂಗಳುಗಳ ಮಿಲಿಮೀಟರ್ ಅಂಕಿ ಪಕ್ಕದ ಕಾಲಂಗೆ ಅಂಟಿಕೊಳ್ಳುವುದೂ ಉಂಟು. ಜೂನ್ ಮತ್ತು ಜುಲೈ ಅಂಕಿಗಳ ನಡುವೆ ಖಾಲಿ ಜಾಗ ಇದೆಯೇ ಎಂದು ಕಣ್ಣಿಟ್ಟು ನೋಡಿ. ದಾಖಲೆ ಇಲ್ಲದ ತಿಂಗಳಿಗೆ -99.99 ಬರೆಯಬೇಕು, 0 ಬರೆದರೆ ಆ ತಿಂಗಳು ಮಳೆಯೇ ಇಲ್ಲ ಎಂದಾಗುತ್ತದೆ.

ಮಳೆ ಎಲ್ಲಿಂದ ತಂದಿರಿ ಎಂಬುದೂ ಮುಖ್ಯ. ಹವಾಮಾನ ಇಲಾಖೆಯ 0.25 ಡಿಗ್ರಿ ಗ್ರಿಡ್‌ನ ಒಂದು ಚೌಕ ಸುಮಾರು 27 ಕಿ.ಮೀ. ಅಗಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಸುರಿದರೆ, ಶಿವಮೊಗ್ಗ ನಗರದಲ್ಲಿ ಅದರ ಐದನೇ ಒಂದು ಭಾಗವೂ ಇಲ್ಲ. ಘಟ್ಟದ ಅಂಚಿನಲ್ಲಿ ಒಂದೇ ಚೌಕದೊಳಗೆ ಮಳೆ ಅರ್ಧಕ್ಕರ್ಧ ಬದಲಾಗಬಹುದು. ತಾಣದ ಹತ್ತಿರದ ಮಳೆಮಾಪಕದ ಅಂಕಿ ಸಿಕ್ಕರೆ ಗ್ರಿಡ್‌ನ ತಿಂಗಳ ಮೊತ್ತವನ್ನು ಅದಕ್ಕೆ ಸರಿಹೊಂದಿಸಿಕೊಳ್ಳಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ.

ಮಳೆ ಸರಿಯಿದ್ದರೆ ಮುಂದಿನದು ಎಲೆ ಮತ್ತು ಕಟ್ಟಿಗೆಯ ನಂಟು. ಮರ ಎಷ್ಟು ಎಲೆ ಹೊರಬಲ್ಲದು ಎಂಬುದನ್ನು ಮಾದರಿ ದೊಡ್ಡ ಕಟ್ಟಿಗೆಯ ತೂಕದಿಂದ ಅಳೆಯುತ್ತದೆ: ಗರಿಷ್ಠ ಎಲೆ ಸೂಚ್ಯಂಕವನ್ನು (ಚದರ ಮೀಟರ್ ನೆಲಕ್ಕೆ ಎಷ್ಟು ಚದರ ಮೀಟರ್ ಎಲೆ ಎಂಬ ಅಂಕಿ) ಕಟ್ಟಿಗೆಯಿಂದ ಗುಣಿಸಿ, ಕಟ್ಟಿಗೆ ಮತ್ತು 'ಕೆಎಲ್‌ಎಐ' ಅಂಕಿಯ ಮೊತ್ತದಿಂದ ಭಾಗಿಸುತ್ತದೆ. ಗರಿಷ್ಠ 5, ಕೆಎಲ್‌ಎಐ 1,000 ಎಂದಿಟ್ಟುಕೊಳ್ಳಿ. ಕಟ್ಟಿಗೆ 7,000 ಇದ್ದಾಗ ಸೂಚ್ಯಂಕ 4.4. ಬೋಳುಕಡಿತದ ನಂತರ ಕಟ್ಟಿಗೆ 70ಕ್ಕೆ ಇಳಿದರೆ 0.33. ಪೂರ್ತಿ ತೆಗೆದು 0 ಮಾಡಿದರೆ ಎಲೆಯೂ 0, ಆ ಕಾಡು ಎಂದೆಂದಿಗೂ ಏಳದು. ನೀಲಗಿರಿ ಬುಡದಿಂದ ಚಿಗುರುತ್ತದೆ ಎಂಬುದು ನಮಗೆ ಗೊತ್ತು, ಮಾದರಿಗೆ ಗೊತ್ತಿಲ್ಲ. ಕಡಿತದಲ್ಲಿ ಕಟ್ಟಿಗೆಯ ಪಾಲು 1.0 ಬರೆಯದೆ 0.98ರಷ್ಟಕ್ಕೆ ನಿಲ್ಲಿಸಿ. ಚಿಗುರುವ ಜಾತಿಗೆ ಬೇರು ಸಾಯುವ ಪಾಲನ್ನೂ ಕಡಿಮೆ ಇಡಿ.

ಮಣ್ಣಿನಲ್ಲೂ ಇಂಥದ್ದೇ ಒಂದು ಎಡವಟ್ಟು. ಮರಳು, ಗೋಡು, ಜೇಡಿ ಇವನ್ನು ಸೈಟ್.100ರಲ್ಲಿ ಭಾಗವಾಗಿ ಬರೆಯಬೇಕು, ಶೇಕಡಾವಾರು ಅಲ್ಲ. ಪ್ರಯೋಗಾಲಯದ ವರದಿ 45 ಎಂದರೆ ಫೈಲಿಗೆ 0.45.

ಸುಟ್ಟಷ್ಟೂ ಸೊಂಪು

ಬೆಂಕಿ ಬಿದ್ದ ಮರುವರ್ಷ ಬೆಳವಣಿಗೆ ಸ್ವಲ್ಪ ಏರಿದರೆ ತಪ್ಪಲ್ಲ, ಬೂದಿಯಿಂದ ಪೋಷಕಾಂಶ ಬರುತ್ತದೆ. ಆದರೆ ಮೂರು ವರ್ಷಕ್ಕೊಮ್ಮೆ ಸುಟ್ಟ ಕಾಡು ಸುಡದ ಕಾಡನ್ನು ಮೀರಿ ಬೆಳೆಯುತ್ತಲೇ ಹೋದರೆ ಮರಳಿಕೆಯ ಪಾಲು (ಸುಟ್ಟದ್ದರಲ್ಲಿ ನೆಲಕ್ಕೆ ಮರಳುವ ಭಾಗ) ತಪ್ಪಾಗಿದೆ. ಬೆಂಕಿಯಲ್ಲಿ ಸಾರಜನಕದ ಬಹುಪಾಲು ಹೊಗೆಯಾಗಿ ಹೋಗುತ್ತದೆ, ರಂಜಕ ಬಹುಪಾಲು ಬೂದಿಯಲ್ಲಿ ಉಳಿಯುತ್ತದೆ. ಸಾರಜನಕದ ಮರಳಿಕೆ 1.0 ಇದ್ದರೆ ಸುಟ್ಟದ್ದೆಲ್ಲ ಖನಿಜ ಸಾರಜನಕವಾಗಿ ನೆಲಕ್ಕೆ ಬಿದ್ದು, ಬೆಂಕಿಯೇ ಗೊಬ್ಬರವಾಗುತ್ತದೆ. 0 ಇದ್ದರೆ ಪ್ರತಿ ಬೆಂಕಿಗೂ ಮಣ್ಣು ಬಡವಾಗುತ್ತ ಹೋಗುತ್ತದೆ. ಟ್ರೆಮ್.100 ಮತ್ತು ಫೈರ್.100 ಎರಡರಲ್ಲೂ ಈ ಪಾಲು ಇದೆ, ಒಂದನ್ನು ತಿದ್ದಿ ಇನ್ನೊಂದನ್ನು ಬಿಡುವವರೇ ಹೆಚ್ಚು.

ಇದಕ್ಕಿಂತ ಆಳದ ಕಾರಣ ಜಂಬಿಟ್ಟಿಗೆ ಮಣ್ಣಿನಲ್ಲಿದೆ. ಕಬ್ಬಿಣ, ಅಲ್ಯುಮಿನಿಯಂ ತುಂಬಿದ ಈ ಮಣ್ಣು ರಂಜಕವನ್ನು ಹಿಡಿದಿಟ್ಟುಕೊಂಡು ಗಿಡಕ್ಕೆ ಬಿಡುವುದಿಲ್ಲ. ಸೈಟ್.100ರಲ್ಲಿ 'ಎನ್‌ಎಲೆಮ್' 1 ಇದ್ದರೆ ಮಾದರಿ ಸಾರಜನಕ ಒಂದನ್ನೇ ನೋಡುತ್ತದೆ, ರಂಜಕದ ಕೊರತೆ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಚೇತರಿಕೆ ಅತಿವೇಗವಾಗಿ ಕಂಡರೆ 2 ಮಾಡಿ ನೋಡಬೇಕು. ಹಾಗೆ ಮಾಡಿದರೆ ರಂಜಕದ ಆರಂಭಿಕ ಅಂಕಿಗಳನ್ನೂ ಹೀರಿಕೆಯ ಅಂಕಿಗಳನ್ನೂ ತುಂಬಿ ಸ್ಪಿನ್-ಅಪ್ ಮತ್ತೆ ಮೊದಲಿನಿಂದ ಓಡಿಸಬೇಕು. ಅದು ತಪ್ಪಿಸಿಕೊಳ್ಳುವಂಥ ಕೆಲಸವಲ್ಲ.

ಗಾಳಿಯಿಂದ ಬರುವ ಮತ್ತು ಮಣ್ಣಿನ ಜೀವಾಣುಗಳು ಹಿಡಿಯುವ ಸಾರಜನಕವನ್ನು ಸೈಟ್.100 ವರ್ಷದ ಮಳೆಗೆ ಸರಳರೇಖೆಯಲ್ಲಿ ಕಟ್ಟಿದೆ. ಬಯಲು ಹುಲ್ಲುಗಾವಲಿನ ಮಳೆಗೆ ಅದು ಒಪ್ಪುತ್ತದೆ. ನಿಮ್ಮ ಆವೃತ್ತಿಯಲ್ಲಿ ಮಳೆಗೆ ಮೇಲ್ಮಿತಿ ಇಲ್ಲದಿದ್ದರೆ ಆಗುಂಬೆಯ 700 ಸೆಂ.ಮೀ.ಗೆ ಅದೇ ಗೆರೆ ಎಳೆದು ಎಕರೆಗಟ್ಟಲೆ ಗೊಬ್ಬರ ಸುರಿದಷ್ಟು ಸಾರಜನಕ ಬರುತ್ತದೆ. ವರ್ಷಕ್ಕೆ ಎಷ್ಟು ಬಂತು ಎಂದು ಔಟ್‌ಪುಟ್‌ನಲ್ಲಿ ನೋಡಿ, ಹೆಚ್ಚಿದ್ದರೆ ಇಳಿಜಾರಿನ ಅಂಕಿಯನ್ನು ತಗ್ಗಿಸಿ.

ಬೆಂಕಿಯಲ್ಲದ ಹಾನಿಗಳು

ಮುಂಗಾರಿನ ಗಾಳಿಗೆ ಮರ ಉರುಳಿದ್ದನ್ನು ಕಡಿತದ ಬಗೆಯಾಗಿ, ಅಂದರೆ 0 ಎಂದು ಬರೆಯಬೇಕು. ಆದರೆ ಮರಳಿಕೆ ಎಲ್ಲಕ್ಕೂ 1.0. ಅದು 0 ಉಳಿದರೆ ಬಿದ್ದ ಮರ ಲಾರಿ ಹತ್ತಿ ಹೋದಂತೆ, ದಿಮ್ಮಿಯ ಭಂಡಾರ ಏರುವುದೇ ಇಲ್ಲ. ಭೂಕುಸಿತಕ್ಕೆ ಟ್ರೆಮ್ ಸಾಲದು, ಮಣ್ಣು ಹೋದದ್ದಕ್ಕೆ 'ಎರೋಡ್' ಘಟನೆ ಬೇಕು, ಅದರ ಅಳತೆ ಚದರ ಮೀಟರಿಗೆ ಕಿಲೋಗ್ರಾಂ.

ಸೊಪ್ಪಿನ ಬೆಟ್ಟಕ್ಕೆ ಸ್ವಲ್ಪ ಹೆಚ್ಚು ಗಮನ ಬೇಕು, ಏಕೆಂದರೆ ಈ ಹಾನಿ ಪ್ರತಿ ವರ್ಷದ್ದು. ಮಳೆಗಾಲದಲ್ಲಿ ಹಸಿಸೊಪ್ಪು, ಬೇಸಿಗೆಯಲ್ಲಿ ದರಗು ಕೊಟ್ಟಿಗೆಗೆ ಬರುತ್ತದೆ, ಅಲ್ಲಿಂದ ಗೊಬ್ಬರವಾಗಿ ಅಡಿಕೆ ತೋಟಕ್ಕೆ ಹೋಗುತ್ತದೆ. ಹಸಿಸೊಪ್ಪಿಗೆ ಬಗೆ 0, ಎಲೆಗೆ 0.4, ಸಣ್ಣ ಕೊಂಬೆಗೆ 0.1ರಿಂದ ಶುರುಮಾಡಿ, ಮರಳಿಕೆ 0. ದರಗು ಗುಡಿಸುವುದಕ್ಕೆ ಪ್ರತ್ಯೇಕ ಘಟನೆ ಇಲ್ಲ. ಮರದ ಪಾಲೆಲ್ಲ 0 ಇಟ್ಟ ಬೆಂಕಿ-ಬಗೆಯ ಟ್ರೆಮ್ ಒಂದನ್ನು, ಪೋಷಕಾಂಶ ಮರಳಿಕೆ 0 ಇಟ್ಟ ಫೈರ್ ಸಂಕೇತದ ಜೊತೆ ಸೇರಿಸಿದರೆ ಆ ಕೆಲಸ ಆಗುತ್ತದೆ. ತೋಟವನ್ನೂ ಮಾದರಿಗೆ ತರುವುದಾದರೆ ಅಲ್ಲಿಗೆ ಸಾವಯವ ಗೊಬ್ಬರ ಸೇರಿಸುವ 'ಓಮ್ಯಾಡ್' ಘಟನೆ ಇಡಿ. ವಿಸ್ತೀರ್ಣದ ಅನುಪಾತ ಮರೆಯಬೇಡಿ. ನಾಲ್ಕು ಎಕರೆ ಬೆಟ್ಟದ ಸೊಪ್ಪು ಒಂದು ಎಕರೆ ತೋಟಕ್ಕೆ ಬಂದರೆ, ಬೆಟ್ಟದಲ್ಲಿ ಚದರ ಮೀಟರಿಗೆ ತೆಗೆದ 50 ಗ್ರಾಂ ತೋಟದಲ್ಲಿ 200 ಆಗುತ್ತದೆ, ಕೊಟ್ಟಿಗೆಯಲ್ಲಿ ಕೊಳೆತು ಹೋದದ್ದನ್ನು ಕಳೆದು.

ನೆಲದ ಅಳತೆಗೆ ಹೋಲಿಸುವಾಗ

ಮಾದರಿ ಕೊಡುವುದು ಚದರ ಮೀಟರಿಗೆ ಇಂಗಾಲದ ಗ್ರಾಂ. ಅರಣ್ಯ ಸಮೀಕ್ಷೆ ಕೊಡುವುದು ಹೆಕ್ಟೇರಿಗೆ ಜೀವರಾಶಿಯ ಟನ್. 1 ಟನ್ ಜೀವರಾಶಿ ಎಂದರೆ ಚದರ ಮೀಟರಿಗೆ 100 ಗ್ರಾಂ, ಅದರಲ್ಲಿ ಇಂಗಾಲ 0.47 ಭಾಗ ಎಂದು ಹಿಡಿದರೆ 47 ಗ್ರಾಂ. ಈ 0.47 ಬಿಟ್ಟುಹೋದರೆ ಮಾದರಿಯ ಕಾಡು ಅರ್ಧಕ್ಕಿಂತ ಕಡಿಮೆ ಇದೆ ಎಂದು ಕಾಣುತ್ತದೆ, ಬೆಂಕಿಯ ಹಾನಿಯನ್ನು ಸುಮ್ಮನೆ ತಗ್ಗಿಸಲು ಹೊರಡುತ್ತೇವೆ. ಮಣ್ಣಿನಲ್ಲಿ ಸೆಂಚುರಿಯ ಇಂಗಾಲ ಮೇಲಿನ 20 ಸೆಂ.ಮೀ.ಗೆ ಸೇರಿದ್ದು. ನೆಲದಿಂದ ಮಣ್ಣು ತೆಗೆದದ್ದು 30 ಸೆಂ.ಮೀ.ವರೆಗೆ ಆಗಿದ್ದರೆ ಮೇಲಿನ 20ನ್ನು ಬೇರ್ಪಡಿಸಿಯೇ ಹೋಲಿಸಬೇಕು. ಒಂದೇ ಚೀಲದಲ್ಲಿ ಕಲಸಿ ತಂದಿದ್ದರೆ ಆ ಮಣ್ಣು ಈ ಹೋಲಿಕೆಗೆ ಒದಗುವುದಿಲ್ಲ, ಗುಂಡಿಯ ಪಕ್ಕದಲ್ಲೇ 0–20 ಮತ್ತು 20–30 ಎಂದು ಎರಡು ಚೀಲದಲ್ಲಿ ಹೊಸದಾಗಿ ತೆಗೆಯಬೇಕು.